ವಾಚ್‌ಮನ್‌ಗಳು ಹಾಡುವಂಥ ಆರಾಧನೆ ಹಾಡು ಕನ್ನಡದಲ್ಲಿ ಇದೆಯಾ? ಇಲ್ಲದಿದ್ದರೆ ಹೇಗೆ ಕಟ್ಟೋದು?

ಬೆಟಗೇರಿ ಲಿಫ್ಟ್‌ವಾಲಾ (ಮುಂಬೈ):

ಎಲ್ಲರಿಗೂ ನಮಸ್ಕಾರ. ನಮ್ಮವರಿಗೆ ಸ್ತೋತ್ರ.

ನನ್ನ ಕೆಲಸ ಲಿಫ್ಟ್ ರಿಪೇರಿ. ಊರು ಬೆಟಗೇರಿ, ಮುಂಬೈಗೆ ಬಂದು ಹದಿನೇಳು ವರ್ಷ ಆಯಿತು. ಭಾನುವಾರ ಸಂಜೆ ಸಾಯನ್ ಕಡೆ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಕನ್ನಡ ಸಭೆ ಸೇರುತ್ತದೆ. ಅಲ್ಲಿ ನಾನು ಪೇಟಿ (ಹಾರ್ಮೋನಿಯಂ) ಬಾರಿಸುತ್ತೇನೆ. ತಬಲಾದ ಹುಡುಗ ಬಂದರೆ ತಬಲಾ, ಬಾರದಿದ್ದರೆ ಬೆಂಚೇ ತಬಲಾ. ಬರುವವರು ಅರವತ್ತು ಎಪ್ಪತ್ತು ಜನ. ಬೀದರ್ ಕಡೆಯ ಮೆಥೋಡಿಸ್ಟರು, ಹುಬ್ಬಳ್ಳಿ-ಗದಗದ ನಮ್ಮಂಥ ಸಿಎಸ್ಐನವರು (ದಕ್ಷಿಣ ಭಾರತ ಸಭೆ), ಬಾಗಲಕೋಟೆ ಕಡೆಯ ಒಂದಷ್ಟು ಗವಂಡಿಗಳು, ಅಂದರೆ ಗೋಡೆ ಕಟ್ಟುವವರು. ಗಂಡಸರಲ್ಲಿ ಅರ್ಧದಷ್ಟು ಮಂದಿ ಬಿಲ್ಡಿಂಗ್ ವಾಚ್‌ಮನ್‌ಗಳು. ಹೆಂಗಸರಲ್ಲಿ ಮುಕ್ಕಾಲು ಪಾಲು ಮನೆಗೆಲಸಕ್ಕೆ ಹೋಗುವವರು.

ವಾಚ್‌ಮನ್‌ಗಳ ಡ್ಯೂಟಿ ಹನ್ನೆರಡು ಗಂಟೆಯದು. ಎಂಟರಿಂದ ಎಂಟು. ನಮ್ಮ ಆರಾಧನೆ ಆರಕ್ಕೆ ಶುರು. ರಾತ್ರಿ ಪಾಳಿಯವರು ಯೂನಿಫಾರ್ಮ್ ಹಾಕಿಕೊಂಡೇ ಬರುತ್ತಾರೆ. ಡಬ್ಬಿ ಕುರ್ಚಿ ಕೆಳಗೆ ಇಟ್ಟುಕೊಂಡು ಕೂತು, ಪಾಸ್ಟರ್ ಪ್ರಸಂಗದ (ಉಪದೇಶದ) ಮಧ್ಯೆ ಏಳುಕಾಲಿಗೆ ಎದ್ದು ಲೋಕಲ್ ಹಿಡಿಯಲು ಓಡುತ್ತಾರೆ. ಹಗಲು ಪಾಳಿಯವರು ಕೊನೇ ಹಾಡಿಗೋ ಆಶೀರ್ವಾದಕ್ಕೋ ಬಂದು ಮುಟ್ಟುತ್ತಾರೆ. ಭಾನುವಾರದ ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವುದು) ಜಾಸ್ತಿ ಹೊತ್ತು ಎಳೆದರೆ ಅದೂ ಇಲ್ಲ. ಪಾಳಿ ಬದಲಾಗುವುದು ನಮ್ಮ ಹಾಲ್‌ನ ಬಾಗಿಲಲ್ಲೇ ಅನ್ನಬಹುದು. ಮೊದಲು ಒಬ್ಬ ಹೊರಗೆ, ಆಮೇಲೆ ಇನ್ನೊಬ್ಬ ಒಳಗೆ.

ಕಳೆದ ತಿಂಗಳು ಪಾಸ್ಟರ್ ಬೈಬಲ್‌ನ 130ನೇ ಕೀರ್ತನೆ ಓದಿದರು. ಬೆಳಗನ್ನು ಎದುರುನೋಡುವ ಕಾವಲುಗಾರರಿಗಿಂತ ಹೆಚ್ಚಾಗಿ ನನ್ನ ಪ್ರಾಣ ಕರ್ತನನ್ನು ಎದುರುನೋಡುತ್ತದೆ ಅಂತ ಬರುತ್ತದಲ್ಲ, ಆ ಮಾತಿಗೆ ಹಿಂದಿನ ಸಾಲಿನಲ್ಲಿದ್ದ ಹುಮನಾಬಾದ್ ಅಣ್ಣ ಜೋರಾಗಿ ನಕ್ಕುಬಿಟ್ಟರು. ರಾತ್ರಿ ಪಾಳಿಯವರು. ಆಮೇಲೆ ಚಹಾ ಕುಡಿಯುತ್ತಾ ಕೇಳಿದೆ, ಯಾಕಣ್ಣಾ ನಕ್ಕಿದ್ದು ಅಂತ. "ಇದು ಬರದಾಂವ ಖರೇನೇ ನೈಟ್ ಡ್ಯೂಟಿ ಮಾಡ್ಯಾನ ನೋಡಪ್ಪ. ನಾಲ್ಕು ಗಂಟೇಕ ಹ್ಯಾಂಗ ಆಗ್ತದಂತ ಮನ್ಯಾಗ ಮಲಗಿದಾಂವಗ ತಿಳಿಯಂಗಿಲ್ಲ" ಅಂದರು.

ಅವತ್ತು ಮನೆಗೆ ಹೋಗಿ ನಮ್ಮ ಹಾಡಿನ ಪುಸ್ತಕ ಪುಟ ಪುಟ ತಿರುವಿ ಹಾಕಿದೆ. ಕಾವಲು, ಕಸ, ಇಟ್ಟಂಗಿ, ಪಗಾರ, ಬಾಡಿಗೆ, ಇವಕ್ಕೆ ಒಂದೂ ಹಾಡಿಲ್ಲ. ಕುರುಬ ಇದ್ದಾನೆ, ಕುರಿ ಇದೆ. ನಾವಿಕ ಇದ್ದಾನೆ, ಬಿರುಗಾಳಿ ಇದೆ. ಸಾಯನ್‌ನಲ್ಲಿ ಕುರಿ ಎಲ್ಲಿಂದ ತರೋಣ? ಬಕ್ರೀದ್ ಹೊತ್ತಿಗೆ ಸಿಗುತ್ತವೆ, ಅಷ್ಟೇ.

ಹೀಗೆ ತಲೆ ಕೆಡಿಸಿಕೊಂಡಿದ್ದಾಗ ಬೆಂಗಳೂರಿನ ನನ್ನ ಅಳಿಯ ಒಂದು ಲಿಂಕ್ ಕಳಿಸಿದ. ಅಮೆರಿಕದ ಒಂದು ಹಾಡುಗಾರರ ಕೂಟ, ಹೆಸರು ದಿ ಪೋರ್ಟರ್ಸ್ ಗೇಟ್. ಪೋರ್ಟರ್ ಅಂದಕೂಡಲೇ ನಾನು ದಾದರ್ ಸ್ಟೇಷನ್ನಿನ ಹಮಾಲಿ ಅಂದುಕೊಂಡೆ. ಅಲ್ಲ. ಮಠದ ಬಾಗಿಲು ಕಾಯುವವನು. ಸಂತ ಬೆನೆಡಿಕ್ಟ್ ಆರನೇ ಶತಮಾನದಲ್ಲಿ ತನ್ನ ಮಠಗಳಿಗೆ ಬರೆದಿಟ್ಟ ನಿಯಮಾವಳಿಯಲ್ಲಿ 66ನೇ ಅಧ್ಯಾಯ ಇರುವುದೇ ಈ ಬಾಗಿಲವನ ಬಗ್ಗೆ. ತಿಳಿವಳಿಕೆ ಇರುವ ಮುದುಕನನ್ನು ಆ ಕೆಲಸಕ್ಕೆ ಇಡಬೇಕು. ಅವನ ಖೋಲಿ ಬಾಗಿಲ ಪಕ್ಕದಲ್ಲೇ ಇರಬೇಕು. ಯಾರು ಬಾಗಿಲು ತಟ್ಟಿದರೂ, ಬಡವನೊಬ್ಬ ಕೂಗಿದರೂ, ಆತ ಮೊದಲು ಹೇಳಬೇಕಾದ ಮಾತು "ದೇವರಿಗೆ ಸ್ತೋತ್ರ". ನಮ್ಮ ವಾಚ್‌ಮನ್ ಗೇಟಿಗೆ ಬಂದವರಿಗೆಲ್ಲ ಹಾಗೆ ಹೇಳಿದರೆ ಸೊಸೈಟಿ ಸೆಕ್ರೆಟರಿ ಮಾರನೇ ದಿನವೇ ಏಜೆನ್ಸಿಗೆ ಫೋನ್ ಮಾಡುತ್ತಾನೆ, ಬೇರೆಯವರನ್ನು ಕಳಿಸಿ ಅಂತ.

ಈ ಕೂಟವನ್ನು ಐಸಾಕ್ ವಾರ್ಡೆಲ್, ಮೇಗನ್ ವಾರ್ಡೆಲ್ ಅನ್ನುವ ದಂಪತಿ 2017ರಲ್ಲಿ ಶುರು ಮಾಡಿದ್ದು. ಇದು ಒಂದು ಬ್ಯಾಂಡ್ ಅಲ್ಲ. ಬೇರೆ ಬೇರೆ ಸಭೆಗಳ, ಬೇರೆ ಬೇರೆ ಜನಾಂಗದ ಹಾಡುಗಾರರು ಒಂದು ವಿಷಯ ಹಿಡಿದು ಕೂಡುತ್ತಾರೆ. ಪಾಸ್ಟರ್‌ಗಳೂ ಓದಿಕೊಂಡವರೂ ಇರುತ್ತಾರೆ. ಮೊದಲು ಮಾತು, ಆಮೇಲೆ ಜೊತೆಯಾಗಿ ಹಾಡು ಬರೆಯುವುದು. 2017ರ ಮೊದಲ ಆಲ್ಬಂ ಪೂರ್ತಿ ದುಡಿಮೆಯ ಬಗ್ಗೆ. 2019ರದ್ದು ನೆರೆಹೊರೆಯವರ ಬಗ್ಗೆ. 2020ರಲ್ಲಿ ಎರಡು ಬಂದವು, ಒಂದು ಗೋಳಿನ ಹಾಡುಗಳದ್ದು, ಇನ್ನೊಂದು ನ್ಯಾಯದ್ದು. 2022ರಲ್ಲಿ ಭೂಮಿ, ಹವಾಮಾನದ್ದು. ದುಡಿಮೆಯ ಆಲ್ಬಂ ನಾನು ಕೇಳಿದ್ದು ಒಂದು ಲಿಫ್ಟ್‌ನ ಮಷಿನ್ ರೂಮಿನಲ್ಲಿ, ಇಪ್ಪತ್ತೆರಡನೇ ಮಹಡಿಯ ಮೇಲೆ, ಕೈಗೆಲ್ಲ ಗ್ರೀಸ್. ಸುಮ್ನೆ ಹೇಳಬಾರದು, ಕಣ್ಣು ಒದ್ದೆ ಆಯಿತು.

ಆ ಬಿಲ್ಡಿಂಗ್‌ನಲ್ಲಿ ಮೂರು ಲಿಫ್ಟ್. ಎರಡು ಮಾಲೀಕರಿಗೆ, ಒಂದು "ಸರ್ವಿಸ್". ನಮ್ಮ ಸಭೆಯ ಒಬ್ಬ ಅಕ್ಕ ಅಲ್ಲಿಯೇ ಐದು ಮನೆ ಕೆಲಸ ಮಾಡುತ್ತಾರೆ. ಸರ್ವಿಸ್ ಲಿಫ್ಟ್ ಕೆಟ್ಟ ದಿನ ಅವರು ಮೆಟ್ಟಿಲು ಹತ್ತಬೇಕು, ಬೇರೆ ಎರಡು ಖಾಲಿ ನಿಂತಿದ್ದರೂ. ಅವತ್ತು ಕೆಟ್ಟಿದ್ದು ಅದೇ. ನಾನು ರಿಪೇರಿ ಮಾಡುತ್ತಿದ್ದೆ, ಅವರು ಹತ್ತುತ್ತಿದ್ದರು. ಹದಿನಾಲ್ಕನೇ ಮಹಡಿಯಲ್ಲಿ ಸಿಕ್ಕರು. "ಲಗೂನ ಮಾಡೋ ತಮ್ಮಾ, ಇನ್ನೂ ಮೂರು ಮನಿ ಅದಾವ" ಅಂದರು, ಬೈಯಲಿಲ್ಲ.

ಈಗ ನನ್ನ ಪ್ರಶ್ನೆ. ಆ ದುಡಿಮೆಯ ಹಾಡುಗಳಲ್ಲಿ ಎರಡನ್ನು ನಾನು ಕನ್ನಡಕ್ಕೆ ತಂದಿದ್ದೇನೆ. ಓದಲು ಚೆನ್ನಾಗಿದೆ. ಪೇಟಿ ಹಿಡಿದು ಹಾಡಲು ಕೂತರೆ ಕಾಲು ಮುರಿದ ಕುರ್ಚಿ. ಯಾರೂ ಜೊತೆಗೆ ಹಾಡುತ್ತಿಲ್ಲ, ತುಟಿ ಅಲ್ಲಾಡಿಸುತ್ತಾರೆ ಅಷ್ಟೇ. ಅನುವಾದವನ್ನೇ ಸರಿ ಮಾಡಲೋ? ಹೊಸದಾಗಿ ಕಟ್ಟಲೋ? ಕಟ್ಟುವುದಾದರೆ ಎಲ್ಲಿಂದ ಶುರು? ಅನುವಾದ ಹಾಡಿ ಯೂಟ್ಯೂಬ್‌ಗೆ ಹಾಕಿದರೆ ಕಾನೂನಿನ ತೊಂದರೆ ಇದೆಯಾ? ಇನ್ನೊಂದು ಸಣ್ಣ ತಲೆನೋವೂ ಇದೆ. ನಮ್ಮ ಹಿರಿಯರಲ್ಲಿ ಒಬ್ಬರು, "ಝಾಡು ಪೋಚಾದ (ಕಸ ಗುಡಿಸೋದು, ನೆಲ ಒರೆಸೋದು) ಬಗ್ಗೆ ಹಾಡಿದರೆ ಅದು ಆರಾಧನೆ ಹೇಗಾಗುತ್ತದೆ" ಅಂತ ಕೇಳಿದ್ದಾರೆ. ಉತ್ತರ ಇದ್ದವರು ಕೊಡಿ.

ಪುಣೆ ಪೇಟಿ:

ಲಿಫ್ಟ್‌ವಾಲಾ ಅಣ್ಣಾರೇ, ಕಾಲು ಮುರಿದಿರುವುದು ಕುರ್ಚಿಯದ್ದಲ್ಲ, ಛಂದಸ್ಸಿನದು. ಮೂವತ್ತು ವರ್ಷ ಕ್ವಾಯರ್‌ನಲ್ಲಿ ಕೂತವನು ಹೇಳುತ್ತಿದ್ದೇನೆ.

ಇಂಗ್ಲಿಷ್ ಹಾಡಿನ ಸಾಲು ಬಹಳ ಸಲ ಮೆಲ್ಲಗೆ ಶುರುವಾಗಿ ಎರಡನೇ ಅಕ್ಷರಕ್ಕೆ ಒತ್ತು ಹಾಕುತ್ತದೆ. ನಮ್ಮ ಮಾತಿಗೆ ತೂಕ ಬೀಳುವುದೇ ಮೊದಲ ಅಕ್ಷರದ ಮೇಲೆ. ಅವರ ದುಡಿಮೆಯ ಪದ "ವರ್ಕ್", ಒಂದೇ ಏಟಿಗೆ ಮುಗಿಯುತ್ತದೆ. ನಮ್ಮದು "ಕೆಲಸ", ಮೂರು ಲಘು, ಹಿಡಿದು ನಿಲ್ಲಿಸಲು ಜಾಗವೇ ಇಲ್ಲ. ಎಳೆದರೆ ಪದ ಕೆಡುತ್ತದೆ. "ಕರೆ" ಎಳೆದರೆ "ಕಾರೆ". "ದಯೆ" ಎಳೆದರೆ "ದಾಯೆ". ನಮ್ಮ ಹಳೇ ಹಾಡಿನ ಪುಸ್ತಕದಲ್ಲಿ ಇಂಥವು ಎಷ್ಟು ಬೇಕು? ಚಿಕ್ಕಂದಿನಿಂದ ಹಾಡಿ ಹಾಡಿ ನಮಗೆ ಅಭ್ಯಾಸ ಆಗಿಹೋಗಿದೆ. ಹೊರಗಿನವರು ಕೇಳಿದರೆ ನಗುತ್ತಾರೆ.

ತಮಾಷೆ ಏನೆಂದರೆ, ಇದು ಮಿಷನರಿಗಳಿಗೆ ಗೊತ್ತಿಲ್ಲದ ವಿಷಯ ಅಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದೇ ಮಿಷನ್‌ನ ಕಿಟ್ಟೆಲ್ ಸಾಹೇಬರನ್ನು ನಾವು 1894ರ ನಿಘಂಟಿಗೆ ನೆನೆಯುತ್ತೇವೆ. ಆದರೆ ಅದಕ್ಕೂ ಬಹಳ ಮುಂಚೆ, 1862ರಲ್ಲೇ, ಅವರು ಕ್ರಿಸ್ತನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ "ಕಥಾಮಾಲೆ" ಅಂತ ಬರೆದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಪುಸ್ತಕ ಸಂಪಾದಿಸಿದರು. ಜರ್ಮನಿಯಿಂದ ಬಂದವರೇ ನಮ್ಮ ಕಾವ್ಯದ ಮಾತ್ರೆ ಎಣಿಸಿ ನೋಡಿದರು. ನಾವು ಮಾತ್ರ ಜರ್ಮನ್ ರಾಗಕ್ಕೆ ಕನ್ನಡ ತುರುಕುತ್ತಾ ಬಂದಿದ್ದೇವೆ.

ನೀವಿರುವ ಮಹಾರಾಷ್ಟ್ರದಲ್ಲೇ ನೋಡಿ. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದರು. ಆಮೇಲೆ ಅವರು ಮರಾಠಿಯಲ್ಲಿ ಬರೆದದ್ದು ಓವಿ, ಅಭಂಗಗಳ ದಾರಿಯಲ್ಲಿ. ಇಂದಿಗೂ ಮರಾಠಿ ಸಭೆಗಳಲ್ಲಿ ಅವರ ಭಜನೆ ಶುರುವಾದರೆ ಪುಸ್ತಕ ಬೇಡ, ಮುದುಕಿಯರು ಕಣ್ಣು ಮುಚ್ಚಿ ಹಾಡುತ್ತಾರೆ. ಓವಿ ಅಂದರೆ ಬೀಸುವ ಕಲ್ಲಿನ ಹಾಡು ತಾನೇ? ನಮ್ಮಲ್ಲಿ ಅದರ ಅಕ್ಕ ತ್ರಿಪದಿ. ಬೀದರ್‌ನಿಂದ ಗದಗದವರೆಗೆ ನಿಮ್ಮ ಸಭೆಯ ಪ್ರತಿಯೊಬ್ಬ ಮುದುಕಿಯ ಬಾಯಲ್ಲೂ ತ್ರಿಪದಿ ಇದೆ. ಕೇಳಿದ್ದೀರಾ ಅವರನ್ನು?

ತ್ರಿಪದಿಯ ಲೆಕ್ಕ ಸುಲಭ. ಮೊದಲ ಸಾಲು ಐದು ಮಾತ್ರೆಯ ನಾಲ್ಕು ತುಂಡು. ಎರಡನೇ ಸಾಲು ಐದು, ಮೂರು, ಐದು, ಐದು. ಮೂರನೆಯದು ಐದು, ಮೂರು, ಐದು. ಆಚೀಚೆ ಆದರೆ ಹಾಡುವವರೇ ಎಳೆದು ಮುಚ್ಚುತ್ತಾರೆ, ಇಲ್ಲಿ ಎಳೆದರೆ ಪದ ಕೆಡುವುದಿಲ್ಲ, ಯಾಕೆಂದರೆ ಎಲ್ಲಿ ಎಳೆಯಬೇಕೆಂದು ನಾಲಿಗೆಗೇ ಗೊತ್ತು. ಎರಡನೇ ಸಾಲಿನ ಒಂದು ತುಂಡನ್ನು ಮತ್ತೆ ಹೇಳುತ್ತಾರೆ. ಹಾಗಾಗಿ ಬರೆದರೆ ಮೂರು ಸಾಲು, ಹಾಡಿದರೆ ನಾಲ್ಕು. ಆ ನಾಲ್ಕಕ್ಕೆ ನಿಮ್ಮ ಗಿಟಾರ್ ಹುಡುಗರೂ ಖುಷಿಯಾಗಿ ಹೊಂದಿಕೊಳ್ಳುತ್ತಾರೆ. ಧಾಟಿ ಸಿಗದಿದ್ದರೆ ಭೂಪ್ ಹಿಡಿಯಿರಿ, ದಕ್ಷಿಣದವರ ಮೋಹನ. ಐದೇ ಸ್ವರ, ಯಾರ ಗಂಟಲೂ ಹೆದರುವುದಿಲ್ಲ.

ಅನುವಾದ ಬಿಡಿ. ಆ ಅಮೆರಿಕದವರಿಂದ ಹಾಡು ತರಬೇಡಿ, ಕೂಡುವ ಪದ್ಧತಿ ತನ್ನಿ.

ಹಳೇ ಪೆಟ್ಟಿಗೆ (ಡೊಂಬಿವಲಿ):

ನಾನು ಆ "ಹಿರಿಯರ" ಪಕ್ಷ. ಬೈಯಬೇಡಿ, ಪೂರ್ತಿ ಕೇಳಿ.

ನಾನೂ ಒಂದು ಸಭೆಯಲ್ಲಿ ಇಪ್ಪತ್ತು ವರ್ಷ ಖಜಾಂಚಿ ಆಗಿದ್ದವನು. ಪಗಾರ, ಬಾಡಿಗೆ, ಮುಕದ್ದಮನ (ಕೂಲಿಯವರ ಮೇಲಿನ ಮೇಸ್ತ್ರಿಯ) ಕಾಟ, ಇದನ್ನೆಲ್ಲ ಜನ ವಾರಪೂರ್ತಿ ಉಂಡಿರುತ್ತಾರೆ. ಭಾನುವಾರದ ಎರಡು ಗಂಟೆಯಾದರೂ ಅವನು ವಾಚ್‌ಮನ್ ಅನ್ನುವುದನ್ನು ಮರೆಯಲಿ ಬಿಡಿ. ನೀವು ಅದನ್ನೇ ಹಾಡು ಮಾಡಿ ಅವನ ಬಾಯಿಗೆ ಹಾಕಿದರೆ ಅವನಿಗೆ ರಜೆ ಎಲ್ಲಿ? ಯೂನಿಯನ್ ಘೋಷಣೆ ಕೂಗಲು ಆಝಾದ್ ಮೈದಾನ ಇದೆ. ಕುರುಬ, ಕುರಿ ಅಂತ ನಕ್ಕಿರಿ. ಆ ಕುರಿ ಹಾಡು ಹಾಡುವಾಗ ನನ್ನ ತಾಯಿಗೆ ತನ್ನ ಊರು ಕಾಣುತ್ತಿತ್ತು. ಅದೂ ಒಂದು ಉಪಕಾರವೇ ಅಲ್ವಾ?

ಮತ್ತೆ, ಅಮೆರಿಕದಲ್ಲಿ ಕೂತು ದುಡಿಮೆಯ ಬಗ್ಗೆ ಚಂದವಾಗಿ ಹಾಡುವವರು ಎಷ್ಟು ಜನ ಕಸ ಗುಡಿಸಿದ್ದಾರೋ!

ಬೆಟಗೇರಿ ಲಿಫ್ಟ್‌ವಾಲಾ:

ಪುಣೆ ಸರ್, "ಕೇಳಿದ್ದೀರಾ ಅವರನ್ನು" ಅಂದಿರಲ್ಲ, ನೇರ ಎದೆಗೆ ನಾಟಿತು. ಕೇಳಿಲ್ಲ. ಇಂಟರ್ನೆಟ್‌ನಲ್ಲಿ ಹುಡುಕಿದೆ, ಪಕ್ಕದ ಕುರ್ಚಿಯಲ್ಲಿ ಕೇಳಲಿಲ್ಲ.

ಡೊಂಬಿವಲಿ ಹಿರಿಯರೇ, ಬೈಯುವ ಮಾತೇ ಇಲ್ಲ. ನಿಮ್ಮ ಮಾತು ನನ್ನನ್ನು ಎರಡು ದಿನ ಕಾಡಿತು. ಕೊನೆಗೆ ಹುಮನಾಬಾದ್ ಅಣ್ಣನನ್ನೇ ಫೋನ್ ಮಾಡಿ ಕೇಳಿದೆ, ಅಣ್ಣಾ ಸಭೆಯಲ್ಲಿ ನೀವು ವಾಚ್‌ಮನ್ ಅನ್ನೋದನ್ನ ಮರೀಬೇಕು ಅನ್ನಿಸ್ತದಾ ಅಂತ. ರಾತ್ರಿ ಎರಡು ಗಂಟೆ, ಅವರು ಗೇಟಿನಲ್ಲಿದ್ದರು, ನಾನು ಎಮರ್ಜೆನ್ಸಿ ಕಾಲ್‌ನಲ್ಲಿದ್ದೆ. ಅವರು ಹೇಳಿದ್ದು ಹೀಗೆ. "ಮರಿಲಾಕ ನಾ ಯೂನಿಫಾರ್ಮ್ ಹಾಕ್ಕೊಂಡೇ ಬರ್ತೀನಲ್ಲೋ. ನೀವೆಲ್ಲಾ ಮರೀತೀರಿ, ನಾ ಹ್ಯಾಂಗ ಮರೀಲಿ?"

ಅಮೆರಿಕದವರು ಕಸ ಗುಡಿಸಿದ್ದಾರೋ ಇಲ್ಲವೋ, ನಿಮ್ಮ ಅನುಮಾನ ಇರಲಿ. ನಮ್ಮ ಸಭೆಯಲ್ಲಿ ಗುಡಿಸಿದವರೇ ಇದ್ದಾರಲ್ಲ.

ವಾಸ್ಕೋ ಅಕ್ಕ:

ನಾನು ಕಥೋಲಿಕಳು, ಕಾರವಾರದವಳು, ಈಗ ವಾಸ್ಕೋದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತೇನೆ. ಕಾನೂನಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆದೆ.

ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ. ನಿಜವಾದ ಧಾರ್ಮಿಕ ವಿಧಿಯ ವೇಳೆ ಹಾಡನ್ನು ಹಾಡಿದರೆ ಅದು ಉಲ್ಲಂಘನೆ ಅಲ್ಲ. ಮದುವೆ ಮೆರವಣಿಗೆಯೂ ಅದರಲ್ಲೇ ಬರುತ್ತದೆ. ಅಂದರೆ ಅವರ ಹಾಡನ್ನು ನಿಮ್ಮ ಆರಾಧನೆಯಲ್ಲಿ ಹಾಡುವುದಕ್ಕೆ ಹೆದರಬೇಕಿಲ್ಲ. ಅನುವಾದದ ಹಕ್ಕು ಮಾತ್ರ ಬೇರೆ, ಅದು ಹಾಡಿನ ಒಡೆಯರದ್ದು. ಕನ್ನಡ ಮಾಡಿ ಅಚ್ಚು ಹಾಕುವುದು, ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಏರಿಸುವುದು, ಇದಕ್ಕೆ ಅವರ ಒಪ್ಪಿಗೆ ಬೇಕು. ಒಂದು ಈಮೇಲ್ ಹಾಕಿ ಕೇಳಿ. ಹಾಡಿನ ಕೆಳಗೆ ಅವರ ಹೆಸರು ಹಾಕಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ, ಸಾಲದು. ಹಳೇ ಹಾಡುಗಳ ವಿಷಯದಲ್ಲಿ, ಬರೆದವರು ಸತ್ತು ಅರವತ್ತು ವರ್ಷ ದಾಟಿದ್ದರೆ ನಮ್ಮ ದೇಶದಲ್ಲಿ ಹಕ್ಕು ಮುಗಿದಿರುತ್ತದೆ.

ಇನ್ನು ಆ ಹಿರಿಯರ ಮಾತಿಗೆ. ಇಲ್ಲಿ ವಾಸ್ಕೋದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ಕಟ್ಟಡದ ಕೆಲಸದವರು ತುಂಬಾ ಜನ. ಒಂದು ಸಲ ಒಬ್ಬ ಕಂಟ್ರಾಕ್ಟರ್ ನಾಲ್ಕು ಮನೆಯವರಿಗೆ ಎರಡು ತಿಂಗಳ ಕೂಲಿ ಕೊಡದೆ ಮಾಯವಾದ. ಅವರು ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದರು. ನನಗೆ ಏನೂ ತೋಚದೆ ಬೈಬಲ್‌ನ ಯಾಕೋಬನ ಪತ್ರದ ಐದನೇ ಅಧ್ಯಾಯ ಓದಿ ಹೇಳಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿ ತಾನೇ ಕೂಗುತ್ತದೆ, ಕೊಯ್ದವರ ಕೂಗು ದೇವರ ಕಿವಿಗೆ ಮುಟ್ಟಿದೆ ಅಂತ ಅದರಲ್ಲಿದೆ. ಅವರಲ್ಲಿ ಒಬ್ಬಳೂ ಕ್ರೈಸ್ತಳಲ್ಲ. ಒಬ್ಬ ಹೆಂಗಸು, "ಬುಕ್ಕಿನ್ಯಾಗ ಹಿಂಗ ಬರದಾರಾ? ಮತ್ತೊಮ್ಮೆ ಓದ್ರಿ" ಅಂದಳು. ಮೂರು ಸಲ ಓದಿಸಿದಳು. ಕೂಲಿ ಪೂರ್ತಿ ಬರಲಿಲ್ಲ, ಅರ್ಧ ಬಂತು.

ಹಾಗಾಗಿ ಕೂಲಿಯ ಹಾಡು ಆರಾಧನೆ ಅಲ್ಲ ಅನ್ನುವವರು ಮೊದಲು ಯಾಕೋಬನ ಜೊತೆ ಜಗಳ ಆಡಲಿ. ಕೀರ್ತನೆಗಳಲ್ಲೇ ಮೂರರಲ್ಲಿ ಒಂದು ಪಾಲು ಗೋಳು, ದೂರು. "ಎಷ್ಟರ ವರೆಗೆ ಕರ್ತನೇ" ಅಂತ ಕೇಳುವುದು. ನಾವು ಕೊನೇ ಸ್ತೋತ್ರದ ಸಾಲು ಮಾತ್ರ ಹಾಡಿ, ಮೇಲಿನ ದೂರು ಬಿಟ್ಟುಬಿಡುತ್ತೇವೆ.

ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮಜ್ಜಿ ಲ್ಯಾಟಿನ್ ಪೂಜೆ ಕೇಳಿದವರು. 1962ರಿಂದ 65ರ ವರೆಗಿನ ವ್ಯಾಟಿಕನ್ ಮಹಾಸಭೆ ಆದಮೇಲೆ ಗೋವಾದಲ್ಲಿ ಪೂಜೆ ಕೊಂಕಣಿಗೆ ಬಂತು. ಆಗ ಅಜ್ಜಿ ಅಂದಿದ್ದರಂತೆ, ಇಷ್ಟು ದಿನ ಅವರು ಪ್ರಾರ್ಥನೆಯಲ್ಲಿ ಏನು ಹೇಳುತ್ತಿದ್ದರೋ, ನಾನು ನನ್ನ ಪಾಡಿಗೆ ಜಪಸರ ಎಣಿಸುತ್ತಿದ್ದೆ ಅಂತ. ನಿಮ್ಮ ಸಭೆಯವರು ತುಟಿ ಅಲ್ಲಾಡಿಸುತ್ತಾರೆ ಅಂದಿರಲ್ಲ, ಅದನ್ನು ಓದಿ ಅಜ್ಜಿ ನೆನಪಾದರು.

ನಾಕಾ ನಂ. 3:

ದೇವರ ಹೆಸರಿಲ್ಲ ಅಂತ ಯಾರಾದರೂ ತಕರಾರು ತೆಗೆದರೆ ಎಸ್ತೇರಳ ಪುಸ್ತಕ ತೆಗೆದುಕೊಡಿ. ಇಬ್ರಿಯ ಮೂಲದಲ್ಲಿ ಒಂದು ಸಲವೂ ದೇವರ ಹೆಸರಿಲ್ಲ. ಆದರೂ ಬೈಬಲ್‌ನಲ್ಲಿ ಇದೆ, ಯಾರೂ ಕಿತ್ತು ಹಾಕಿಲ್ಲ 😄

ಬೆಟಗೇರಿ ಲಿಫ್ಟ್‌ವಾಲಾ (ಮೂರು ವಾರದ ನಂತರ):

ತಡವಾಯಿತು, ಕ್ಷಮೆ ಇರಲಿ. ಮಳೆಗಾಲ ಶುರುವಾದರೆ ಲಿಫ್ಟ್ ಪಿಟ್‌ಗಳಿಗೆಲ್ಲ ನೀರು ನುಗ್ಗುತ್ತದೆ, ನಮಗೆ ಉಸಿರಾಡಲೂ ಪುರುಸೊತ್ತಿಲ್ಲ.

ಪುಣೆ ಸರ್ ಹೇಳಿದ ಹಾಗೆ ಪದ್ಧತಿ ತಂದೆ. ಒಂದು ಭಾನುವಾರ ನಾಲ್ಕು ಗಂಟೆಗೇ ಬನ್ನಿ, ಹಾಡು ಕಟ್ಟೋಣ ಅಂತ ಕರೆದೆ. ಹನ್ನೊಂದು ಜನ ಬಂದರು. ವಡಾ ಪಾವ್ ತಂದಿದ್ದೆ, ಅದಕ್ಕೇ ಬಂದವರು ಮೂರು ಜನ ಇರಬಹುದು. ನಿಮ್ಮ ಕೆಲಸದಲ್ಲಿ ಏನೇನು ಕಾಣುತ್ತದೆ ಹೇಳಿ ಅಂದೆ. ಯಾರೂ ಬಾಯಿ ಬಿಡಲಿಲ್ಲ. ಹತ್ತು ನಿಮಿಷ ಫ್ಯಾನ್ ಸದ್ದು. ನಾನು ಅಮೆರಿಕದವರ ಕಥೆ ಶುರು ಮಾಡಿದೆ, ಇನ್ನಷ್ಟು ಮೌನ. ಇದು ಆಗುವ ಹೋಗುವ ಮಾತಲ್ಲ ಅನ್ನಿಸಿ ಪೇಟಿ ಮುಚ್ಚಿದೆ.

ಪೇಟಿ ಮುಚ್ಚಿದ್ದೇ ಒಳ್ಳೆಯದಾಯಿತು. ಭಾಲ್ಕಿ ಆಯಿ ಅಂತ ಒಬ್ಬರಿದ್ದಾರೆ, ಎಪ್ಪತ್ತು ದಾಟಿರಬೇಕು, ಈಗಲೂ ಎರಡು ಮನೆ ಪಾತ್ರೆ ತಿಕ್ಕುತ್ತಾರೆ. ಅವರು ಮೆಲ್ಲಗೆ ಕೇಳಿದರು, "ಬೀಸೂ ಹಾಡು ಇಲ್ಲಿ ನಡೀತದೇನ್ರಿ? ಸಣ್ಣಾಕಿ ಇದ್ದಾಗ ಬೈದಿದ್ರು, ಗುಡ್ಯಾಗ ಅದು ಹಾಡಬ್ಯಾಡ ಅಂತ." ನಾನು ಏನೂ ಹೇಳಲಿಲ್ಲ, ಕೈ ಮುಗಿದೆ. ಆಯಿ ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಒಂದು ಕಾಲು ಚಾಚಿ, ಒಂದು ಮಡಚಿ. ಬಲಗೈ ಮುಷ್ಟಿ ಮಾಡಿ ಗೂಟ ಹಿಡಿದ ಹಾಗೆ ಗುಂಡಗೆ ತಿರುಗಿಸಲು ಶುರು ಮಾಡಿದರು. ಕಲ್ಲಿಲ್ಲ, ಜೋಳ ಇಲ್ಲ, ಕೈ ಮಾತ್ರ ಸುತ್ತುತ್ತಿದೆ. ಎಡಗೈ ನಡುನಡುವೆ ಕಾಳು ಹಾಕುತ್ತಿದೆ. ಆ ಸುತ್ತಿಗೆ ಸರಿಯಾಗಿ ಧ್ವನಿ ಬಂತು. ಸೊಲ್ಲು ಮುಗಿದ ಕಡೆ ಅವರು ಉಸಿರು ತೆಗೆದುಕೊಳ್ಳುವುದಿಲ್ಲ, ಕಾಳು ಹಾಕುವ ಕಡೆ ತೆಗೆದುಕೊಳ್ಳುತ್ತಾರೆ. ಇದನ್ನು ನನಗೆ ಯಾವ ಕ್ವಾಯರ್ ಮಾಸ್ತರೂ ಹೇಳಿರಲಿಲ್ಲ.

ಆಮೇಲೆ ಬಾಯಿ ಬಿಡದವರೆಲ್ಲ ಬಿಟ್ಟರು. ಬಾಗಲಕೋಟೆ ಗವಂಡಿಯೊಬ್ಬ ಮೊದಲ ಸಾಲು ಎಸೆದ. ಮೆಟ್ಟಿಲು ಹತ್ತಿದ ಆ ಅಕ್ಕ ಎರಡನೆಯದು ಜೋಡಿಸಿದರು. ಮೂರನೆಯದು ಆಯಿಯದ್ದು, ಕೈ ತಿರುಗಿಸುತ್ತಲೇ ಬಂದದ್ದು:

ಇಟ್ಟಂಗಿ ಹೊತ್ತೇನ ಇಪ್ಪತ್ತು ಮಜಲೀಗೆ
ಕಟ್ಟೀದ ಮನಿಗೆ ಕದವುಂಟು ಕೀಲ್ಯುಂಟು
ಬಿಟ್ಟಾರ ನಮ್ಮ ಒಳಗೀಗೆ?

ನಾನು ಬೆರಳು ಮಡಚಿ ಮಾತ್ರೆ ಎಣಿಸಿದೆ ಪುಣೆ ಸರ್, ಒಂದೂ ತಪ್ಪಿಲ್ಲ. ಪ್ರಾಸ ಕೂಡ ಇದೆ, ಮೂರೂ ಸಾಲಿಗೆ ಟ್ಟ. ಇವರಿಗೆ ಕಿಟ್ಟೆಲ್ ಸಾಹೇಬರು ಯಾರೆಂದು ಗೊತ್ತಿಲ್ಲ. ನಾನೇ ಎರಡು ವಾರ ಪೆನ್ನು ಕಚ್ಚಿದ್ದೆ.

ಇನ್ನೊಂದು ಪದ ಹುಮನಾಬಾದ್ ಅಣ್ಣನಿಗಾಗಿ ಎಲ್ಲರೂ ಸೇರಿ ಕಟ್ಟಿದ್ದು. ಅಣ್ಣ ಅಲ್ಲೇ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ನಾಚುತ್ತಾ ಕೂತಿದ್ದರು:

ಬಾಗಿಲಿಗೆ ನಿಂತಾನ ಬೆಳತನಕ ನಮ್ಮಣ್ಣ
ತೂಗಿದರ ಕಣ್ಣು ನೀರ್ಹಚ್ಚಿ ಕುಂತಾನ
ಸಾಗಿ ಬಾ ದೇವ ಜೊತಿಯಾಗಿ

"ಕುಂತಾನ ಅನಬ್ಯಾಡ್ರೋ, ಸೂಪರ್‌ವೈಸರ್ ಕೇಳಿದ್ರ ಫೈನ್ ಹಾಕ್ತಾನ" ಅಂದರು ಅಣ್ಣ. ನಕ್ಕು ನಕ್ಕು ಸಾಕಾಯಿತು, ಆದರೂ ಅದನ್ನೇ ಇಟ್ಟುಕೊಂಡೆವು.

ಹಿರಿಯರಿಗೆ ತೋರಿಸಿದೆ. ಎರಡನೇ ಪದ ಒಪ್ಪಿದರು. ಮೊದಲನೆಯದಕ್ಕೆ, "ಇದರಲ್ಲಿ ದೇವರೂ ಇಲ್ಲ, ಉತ್ತರವೂ ಇಲ್ಲ, ಕೊನೆಗೆ ಪ್ರಶ್ನೆ ಇಟ್ಟು ಬಿಟ್ಟಿದ್ದೀರಿ" ಅಂದರು. ಎಸ್ತೇರಳ ಮಾತು ಎತ್ತಿದೆ (ನಾಕಾ ಭಾವಾ, ಥ್ಯಾಂಕ್ಸ್). ಅವರಿಗೆ ನಗು ಬಂತು, ಒಪ್ಪಿಗೆ ಬರಲಿಲ್ಲ. ಆರಾಧನೆ ಶುರುವಾಗುವ ಮುಂಚೆ ಬೇಕಾದರೆ ಹಾಡಿಕೊಳ್ಳಿ, ಒಳಗೆ ಬೇಡ ಅಂತ ತೀರ್ಪು. ಸರಿ ಅಂತ ಐದೂಮುಕ್ಕಾಲಿಗೆ ಹಾಡಿದೆವು. ಪೇಟಿ ಬೇಡ ಅಂದರು ಆಯಿ, ಸುತ್ತು ತಪ್ಪುತ್ತದಂತೆ. ನಾನು ಸುಮ್ನೆ ಕೂತು ಕೇಳಿದೆ. ತುಟಿ ಅಲ್ಲಾಡಿಸುವವರು ಯಾರೂ ಇರಲಿಲ್ಲ. ಎರಡನೇ ಸುತ್ತಿಗೆ ಹಿಂದಿನ ಸಾಲಿನ ಹೆಂಗಸರ ಕೈಯೂ ಮಡಿಲಲ್ಲಿ ತಿರುಗುತ್ತಿತ್ತು. ಹಿರಿಯರು ಬಾಗಿಲ ಹತ್ತಿರ ಹಾಡಿನ ಪುಸ್ತಕ ಹಂಚುತ್ತಾ ನಿಂತಿದ್ದವರು, ಹಂಚುವುದನ್ನು ನಿಲ್ಲಿಸಿದ್ದರು. ಒಪ್ಪಿದರು ಅಂತ ಅರ್ಥ ಅಲ್ಲ, ನಾನೂ ಹಾಗೆ ಹೇಳುತ್ತಿಲ್ಲ.

ಒಂಬತ್ತಕ್ಕೆ ಎಲ್ಲ ಮುಗಿಸಿ ಕುರ್ಚಿ ಜೋಡಿಸಿ ಹೊರಬಿದ್ದಾಗ ಶಾಲೆಯ ವಾಚ್‌ಮನ್ ತಡೆದ. ನಮ್ಮವನಲ್ಲ, ಬಿಹಾರದ ಕಡೆಯ ಹುಡುಗ, ಎರಡು ವರ್ಷದಿಂದ ನಮಗೆ ಗೇಟು ತೆಗೆದು ಹಾಕುತ್ತಿದ್ದಾನೆ. ಶುರುವಿನಲ್ಲಿ ಹಾಡಿದ್ದು ಏನು, ಇವತ್ತು ಬೇರೆ ಥರ ಇತ್ತು ಅಂದ. ನನ್ನ ಹರಕು ಮುರುಕು ಹಿಂದಿಯಲ್ಲಿ ಇಟ್ಟಂಗಿ ಪದದ ಅರ್ಥ ಹೇಳಿದೆ. ಅವನು ಬೀಗ ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡ.

"ಫಿರ್? ಅಂದರ್ ಲಿಯಾ ಕ್ಯಾ?" ಅಂತ ಕೇಳಿದ. ಆಮೇಲೆ? ಒಳಗೆ ಬಿಟ್ಟರಾ ಅಂತ.

ಹಾಡು ಅಷ್ಟೇ ಇರೋದು, ಮುಂದೆ ಬರೆದಿಲ್ಲ ಅಂದೆ. ಮುಂದಿನ ಭಾನುವಾರ ನಾಲ್ಕಕ್ಕೆ ನೀನೂ ಬಾ ಅಂತ ಕರೆದೆ. ನಾಲ್ಕಕ್ಕೆ ಡ್ಯೂಟಿ ಇರುತ್ತದೆ, ಗೇಟು ಬಿಟ್ಟು ಬರಲು ಆಗಲ್ಲ ಅಂದ. ಅದಕ್ಕೇ ಈ ವಾರ ಕುರ್ಚಿಗಳನ್ನು ಗೇಟಿನ ಹತ್ತಿರ ಹಾಕೋಣ ಅಂತಿದ್ದೇವೆ, ಮಳೆ ಬಿಟ್ಟರೆ. ವಾಸ್ಕೋ ಅಕ್ಕಾ, ಒಂದು ಕೇಳೋದಿತ್ತು. ಮೂರು ಜನ ಸೇರಿ ಕಟ್ಟಿದ ಹಾಡಿಗೆ ಯಾರ ಹೆಸರು ಹಾಕಬೇಕು? ಆಯಿ ತನ್ನ ಹೆಸರು ಬೇಡವೇ ಬೇಡ ಅನ್ನುತ್ತಿದ್ದಾರೆ.